ಸಕ್ಕರೆ, ಕಡಿಮೆ ಬಿಪಿ, ವಯಸ್ಸು: ಇವೆಲ್ಲ ಇದ್ದವರಿಗೆ ಬೀಟಾ ಬ್ಲಾಕರ್ ಬೇಡವೇ?

ಕಾರಟಗಿಯ ಭತ್ತ:
ತಾಯಿಗೆ ಅರವತ್ತೆಂಟು ವರ್ಷ. ಸಕ್ಕರೆ ಕಾಯಿಲೆ ಹಳೆಯದು, ಇನ್ಸುಲಿನ್ ನಡೆಯುತ್ತಿದೆ. ದೀಪಾವಳಿಯ ಹೊತ್ತಿಗೆ ಕಾಲು ಊದಿಕೊಂಡು, ರಾತ್ರಿ ಮಲಗಲಾಗದೆ ಗೋಡೆಗೆ ಒರಗಿ ಕೂರುವ ಸ್ಥಿತಿ ಬಂತು. ಬಳ್ಳಾರಿಯಲ್ಲಿ ಎಕೋ ಮಾಡಿಸಿದಾಗ ಇಎಫ್ (ಹೃದಯ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಶೇಕಡಾ ಪಾಲು) 28 ಎಂದು ಬಂತು. ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ 1.6. ಬಿಪಿ ಈಗ 100/60ರ ಆಸುಪಾಸು, ನಾಡಿ 84.

ಬಿಡುಗಡೆಯ ಚೀಟಿಯಲ್ಲಿ ಇದ್ದದ್ದು: ರಾಮಿಪ್ರಿಲ್, ಸ್ಪಿರೊನೊಲ್ಯಾಕ್ಟೋನ್, ಡಾಪಾಗ್ಲಿಫ್ಲೋಜಿನ್, ನೀರು ಇಳಿಸುವ ಮಾತ್ರೆ, ಮೆಟೊಪ್ರೊಲಾಲ್ 25 ಮಿಲಿಗ್ರಾಂ (ನಾಡಿ ನಿಧಾನ ಮಾಡುವ ಬೀಟಾ ಬ್ಲಾಕರ್ ಇದೇ). ಇವುಗಳ ಜೊತೆ ಹಿಂದೆ ಬಿಪಿ ಜಾಸ್ತಿ ಇದ್ದ ಕಾಲದ ಆಮ್ಲೋಡಿಪಿನ್ ಕೂಡ ಮುಂದುವರಿದಿದೆ. ಮೊನ್ನೆ ತಲೆ ಸುತ್ತುತ್ತದೆ ಎಂದಾಗ ಹತ್ತಿರದ ಇನ್ನೊಬ್ಬ ವೈದ್ಯರಿಗೆ ತೋರಿಸಿದೆವು. ಅವರು ಚೀಟಿ ನೋಡಿ, "ಸಕ್ಕರೆ ಇದೆ, ಬಿಪಿ ಕಡಿಮೆ, ವಯಸ್ಸಾಗಿದೆ, ಕಿಡ್ನಿಯೂ ಅಷ್ಟಕ್ಕಷ್ಟೆ. ಇಂಥವರಿಗೆ ಇದು ಅಪಾಯ" ಎಂದು ಮೆಟೊಪ್ರೊಲಾಲ್ ಮೇಲೆ ಗೆರೆ ಎಳೆದರು. ಬಳ್ಳಾರಿಯವರು ಯಾವ ಕಾರಣಕ್ಕೂ ನಿಲ್ಲಿಸಬೇಡಿ ಎಂದಿದ್ದರು. ನಾವು ಯಾರ ಮಾತು ಕೇಳಬೇಕು?

ಹಟ್ಟಿಯ ಹಳಬ:
ನಿಲ್ಲಿಸಿದ್ದು ಒಳ್ಳೆಯದಾಯಿತು. ಹೃದಯ ಮೊದಲೇ ಸೋತಿದೆ, ಅದನ್ನು ಇನ್ನೂ ನಿಧಾನ ಮಾಡುವ ಮಾತ್ರೆ ಕೊಡುವುದರಲ್ಲಿ ಯಾವ ತರ್ಕ ಇದೆ? ಇಷ್ಟೆಲ್ಲ ತೊಂದರೆ ಇರುವವರ ಮೇಲೆ ಪ್ರಯೋಗ ಬೇಡ.

ಬಳ್ಳಾರಿಯ ಫಿಸಿಷಿಯನ್:
ಹಟ್ಟಿಯವರು ಹೇಳಿದ ತರ್ಕವನ್ನೇ ಒಂದು ಕಾಲದಲ್ಲಿ ವೈದ್ಯಕೀಯ ಪಠ್ಯಪುಸ್ತಕಗಳೂ ಹೇಳುತ್ತಿದ್ದವು. ಹೃದಯ ವೈಫಲ್ಯ ಇದ್ದರೆ ಬೀಟಾ ಬ್ಲಾಕರ್ ಕೊಡಬಾರದು ಎಂದೇ ಕಲಿಸಲಾಗುತ್ತಿತ್ತು. 1975ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಹೃದಯ ಹಿಗ್ಗಿ ನಾಡಿ ಓಡುತ್ತಿದ್ದ ಏಳು ರೋಗಿಗಳಿಗೆ ಈ ವರ್ಗದ ಔಷಧ ಕೊಟ್ಟು, ಅವರು ಸುಧಾರಿಸಿದ್ದನ್ನು ಪ್ರಕಟಿಸಿದರು. ನಂಬಿದವರು ಕಡಿಮೆ. ಆ ನಂಬಿಕೆ ತಿರುಗಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಹೃದಯ ಸೋತಾಗ ದೇಹ ಅಡ್ರಿನಲಿನ್ ಮತ್ತು ಅದರ ಬಳಗದ ರಾಸಾಯನಿಕಗಳನ್ನು ಸುರಿಯುತ್ತದೆ. ಬಸವಳಿದ ಎತ್ತಿಗೆ ಬಾರುಕೋಲಿನ ಪೆಟ್ಟು ಬಿದ್ದಂತೆ. ನಾಲ್ಕು ಹೆಜ್ಜೆ ಬಿರುಸಾಗಿ ಹಾಕುತ್ತದೆ, ಆಮೇಲೆ ಕುಸಿಯುತ್ತದೆ. ತಿಂಗಳುಗಟ್ಟಲೆ ಈ ಪೆಟ್ಟು ಬಿದ್ದರೆ ಸ್ನಾಯುಕೋಶಗಳು ಸಾಯುತ್ತವೆ, ಹೃದಯ ಹಿಗ್ಗುತ್ತದೆ, ಲಯ ತಪ್ಪಿ ಹಠಾತ್ ಸಾವು ಬರುತ್ತದೆ. ಬೀಟಾ ಬ್ಲಾಕರ್ ಆ ಪೆಟ್ಟನ್ನು ತಡೆಯುತ್ತದೆ. ಮೊದಲ ವಾರಗಳಲ್ಲಿ ಸುಸ್ತು ಹೆಚ್ಚಬಹುದು, ಪ್ರಯೋಜನ ಕಾಣುವುದು ತಿಂಗಳುಗಳ ನಂತರ. ಜನ ಬಿಡುವುದು ಆ ಮೊದಲ ವಾರಗಳಲ್ಲೇ.

ಈಗ ಮೂಲ ಪ್ರಶ್ನೆ. ನಿಮ್ಮ ತಾಯಿಗೆ ಅಪಾಯಗಳು ಜಾಸ್ತಿ ಇವೆ, ಸರಿ. ಆದರೆ ಯಾವುದರ ಅಪಾಯ? ಮಾತ್ರೆಯಿಂದ ಬರುವ ಅಪಾಯವೇ, ಕಾಯಿಲೆಯಿಂದ ಬರುವ ಅಪಾಯವೇ? ಈ ಎರಡನ್ನೂ ಕಲಸಿಬಿಟ್ಟರೆ ಇಂಥ ಗೆರೆ ಎಳೆಯುವುದು ಸುಲಭವಾಗುತ್ತದೆ.

ಕುಷ್ಟಗಿ ಮೇಷ್ಟ್ರು:
ಸ್ವಲ್ಪ ಅಂಕಿ ಅಂಶ ಕೊಡಿ ಸ್ವಾಮಿ. ನಾನು ಗಣಿತ ಕಲಿಸಿದವನು. "ಬಹಳ ಒಳ್ಳೆಯದು" ಎಂಬ ಮಾತಿನಿಂದ ನನಗೆ ತೃಪ್ತಿಯಾಗುವುದಿಲ್ಲ.

ಬಳ್ಳಾರಿಯ ಫಿಸಿಷಿಯನ್:
ಸಂತೋಷ. 1999ರಲ್ಲಿ ಮೆರಿಟ್ ಎಚ್‌ಎಫ್ ಎಂಬ ಅಧ್ಯಯನ ಬಂತು. 3,991 ರೋಗಿಗಳು, ಔಷಧ ಮೆಟೊಪ್ರೊಲಾಲ್ ಸಕ್ಸಿನೇಟ್. ಖಾಲಿ ಮಾತ್ರೆ ನುಂಗಿದವರಲ್ಲಿ ವರ್ಷಕ್ಕೆ ನೂರಕ್ಕೆ 11 ಮಂದಿ ಸತ್ತರೆ ಔಷಧ ನುಂಗಿದವರಲ್ಲಿ 7.2. 2001ರ ಕೋಪರ್ನಿಕಸ್ ಅಧ್ಯಯನದಲ್ಲಿ ಇದ್ದವರು ಇನ್ನೂ ತೀವ್ರ ರೋಗಿಗಳು. 2,289 ಜನ, ಎಲ್ಲರ ಇಎಫ್ 25ಕ್ಕಿಂತ ಕಡಿಮೆ, ಔಷಧ ಕಾರ್ವೆಡಿಲಾಲ್ ಎಂಬ ಇನ್ನೊಂದು ಬೀಟಾ ಬ್ಲಾಕರ್. ಅಲ್ಲಿ ಒಂದು ವರ್ಷದ ಸಾವು 18.5ರಿಂದ 11.4ಕ್ಕೆ ಇಳಿಯಿತು.

ಎರಡರಲ್ಲೂ ಸಾವಿನ ಸಂಭವ ಸುಮಾರು ಮೂರನೇ ಒಂದು ಭಾಗ ಇಳಿದಿದೆ. ಉಳಿದ ಜೀವಗಳನ್ನು ಲೆಕ್ಕ ಹಾಕಿ ನೋಡಿ.

ಕುಷ್ಟಗಿ ಮೇಷ್ಟ್ರು:
ಮೊದಲನೆಯದರಲ್ಲಿ ನೂರಕ್ಕೆ ನಾಲ್ಕಕ್ಕೆ ಹತ್ತಿರ. ಎರಡನೆಯದರಲ್ಲಿ ಏಳು. ಎಂದರೆ ಅನುಪಾತ ಒಂದೇ ಇದ್ದರೂ ಬುನಾದಿಯ ಅಪಾಯ ದೊಡ್ಡದಾದಷ್ಟೂ ಉಳಿಯುವ ತಲೆಗಳು ಹೆಚ್ಚು. ಚಕ್ರಬಡ್ಡಿಯ ಪಾಠದಲ್ಲಿ ಮಕ್ಕಳು ತಪ್ಪುವುದೂ ಇಲ್ಲೇ. ದರ ನೋಡುತ್ತಾರೆ, ಅಸಲು ನೋಡುವುದಿಲ್ಲ.

ಬಳ್ಳಾರಿಯ ಫಿಸಿಷಿಯನ್:
ಹೌದು. ಸಕ್ಕರೆ, ಕಿಡ್ನಿ, ವಯಸ್ಸು ಇವು ಕಾಯಿಲೆಯ ಅಸಲನ್ನು ಹೆಚ್ಚಿಸುತ್ತವೆ. ಹಾಗಾಗಿ ಬಹುಪಾಲು ಸಂದರ್ಭಗಳಲ್ಲಿ ಅವು ಮಾತ್ರೆ ಕೊಡಲು ಇರುವ ಕಾರಣಗಳು. ಅವುಗಳಿಂದ ಬದಲಾಗಬೇಕಾದದ್ದು ಯಾವ ಬೀಟಾ ಬ್ಲಾಕರ್, ಎಷ್ಟರಿಂದ ಆರಂಭ, ಎಷ್ಟು ನಿಧಾನ ಎಂಬುದು.

ಹಟ್ಟಿಯ ಹಳಬ:
ಒಪ್ಪಬೇಕೆಂದರೆ ಇನ್ನೂ ಸ್ವಲ್ಪ ಹೇಳಿ. ಆ ಅಧ್ಯಯನಗಳಿಗೆ ಯಾರನ್ನು ಸೇರಿಸಿದರು? ಹೆಚ್ಚಾಗಿ ಯುರೋಪು, ಅಮೆರಿಕದ ಎಂಬತ್ತು ಕಿಲೋದ ಮನುಷ್ಯರನ್ನು. ಲಿಂಗಸುಗೂರಿನ ನಲವತ್ತೈದು ಕಿಲೋದ ಅಜ್ಜಿಯನ್ನಲ್ಲ. ಬಿಪಿ ತೀರಾ ಕಡಿಮೆ ಇದ್ದವರನ್ನು ಮೊದಲೇ ಹೊರಗಿಟ್ಟು, ಆಮೇಲೆ "ನೋಡಿ ಎಲ್ಲರಿಗೂ ಒಗ್ಗಿತು" ಎನ್ನುವುದು ಯಾವ ನ್ಯಾಯ?

ಬಳ್ಳಾರಿಯ ಫಿಸಿಷಿಯನ್:
ಇದು ಗಟ್ಟಿಯಾದ ಆಕ್ಷೇಪ. ಕೋಪರ್ನಿಕಸ್‌ನಲ್ಲಿ ಮೇಲಿನ ಬಿಪಿ 85ಕ್ಕಿಂತ ಕಡಿಮೆ ಇದ್ದವರು, ನಾಡಿ 68ಕ್ಕಿಂತ ಕಡಿಮೆ ಇದ್ದವರು, ಕ್ರಿಯೇಟಿನಿನ್ 2.8 ದಾಟಿದವರು ಇರಲಿಲ್ಲ. ಮೈಯಲ್ಲಿ ನೀರು ತುಂಬಿಕೊಂಡವರನ್ನು ನೀರು ಇಳಿಸಿದ ಮೇಲೆಯೇ ಸೇರಿಸಿಕೊಂಡರು. ಆ ಮಿತಿಯ ಆಚೆ ಇರುವವರ ಬಗ್ಗೆ ಆ ಅಧ್ಯಯನ ಏನೂ ಹೇಳುವುದಿಲ್ಲ. ಆದರೆ ಕಾರಟಗಿಯವರ ತಾಯಿಯ ಬಿಪಿ 100, ನಾಡಿ 84, ಕ್ರಿಯೇಟಿನಿನ್ 1.6. ಈ ಮೂರರಲ್ಲೂ ಅವರು ಬೇಲಿಯ ಒಳಗೇ ಇದ್ದಾರೆ.

ತೂಕದ ಮಾತೂ ಸರಿ. ಕಾರ್ವೆಡಿಲಾಲ್‌ನ ಗುರಿ ಪ್ರಮಾಣವೇ 85 ಕಿಲೋ ಮೀರಿದವರಿಗೆ ದಿನಕ್ಕೆರಡು ಬಾರಿ 50 ಮಿಲಿಗ್ರಾಂ, ಉಳಿದವರಿಗೆ 25 ಎಂದಿದೆ. ಮೆಟೊಪ್ರೊಲಾಲ್ ಸಕ್ಸಿನೇಟ್ 200ರವರೆಗೆ ಹೋಗಬೇಕೆಂದು ಪುಸ್ತಕ ಹೇಳುತ್ತದೆ. ನಮ್ಮ ಕಡೆಯ ಸಣ್ಣ ಮೈಕಟ್ಟಿನ ರೋಗಿಗಳಲ್ಲಿ ಅಲ್ಲಿಗೆ ಮುಟ್ಟುವವರು ವಿರಳ. 50ಕ್ಕೆ ನಿಂತರೂ ಸೊನ್ನೆಗಿಂತ ಎಷ್ಟೋ ಮೇಲು. ಇನ್ನೊಂದು ವ್ಯತ್ಯಾಸ, ನಮ್ಮ ದೇಶದಲ್ಲಿ ಈ ಕಾಯಿಲೆ ಬೇಗ ಬರುತ್ತದೆ. 2013ರಲ್ಲಿ ತಿರುವನಂತಪುರದಲ್ಲಿ ದಾಖಲಿಸಿದ 1,205 ರೋಗಿಗಳ ಸರಾಸರಿ ವಯಸ್ಸು ಅರವತ್ತೊಂದರ ಸುತ್ತ ಇತ್ತು.

ಔಷಧ ಅಂಗಡಿ, ಗಂಗಾವತಿ:
ನನಗೆ ತಡೆಯಲಾಗುತ್ತಿಲ್ಲ. ಮೆಟೊಪ್ರೊಲಾಲ್ ಎಂದರೆ ಒಂದೇ ಅಲ್ಲ. ಸಕ್ಸಿನೇಟ್ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ, ದಿನಕ್ಕೊಮ್ಮೆ. ಟಾರ್ಟ್ರೇಟ್ ಬೇಗ ಕರಗುವುದು. ಹೃದಯ ವೈಫಲ್ಯದಲ್ಲಿ ಆಯುಷ್ಯ ಹೆಚ್ಚಿಸಿದ್ದು ಸಕ್ಸಿನೇಟ್. ಪಟ್ಟಿ ಚಿಕ್ಕದು: ಬಿಸೊಪ್ರೊಲಾಲ್, ಕಾರ್ವೆಡಿಲಾಲ್, ಮೆಟೊಪ್ರೊಲಾಲ್ ಸಕ್ಸಿನೇಟ್, ವಯಸ್ಸಾದವರಿಗೆ ನೆಬಿವೊಲಾಲ್. ಅಟೆನೊಲಾಲ್ ಆ ಪಟ್ಟಿಯಲ್ಲಿ ಇಲ್ಲ. "ಅದೇ ಜಾತಿಯ ಮಾತ್ರೆ, ಅಗ್ಗ" ಎಂದು ಅಟೆನೊಲಾಲ್ ಕೊಟ್ಟು ಕಳಿಸುವುದನ್ನು ನೋಡಿದ್ದೇನೆ. ಮಾತ್ರೆಯ ಸ್ಟ್ರಿಪ್ ಹಿಂದೆ ಮುದ್ರಿಸಿದ್ದನ್ನು ಓದಿ ತೆಗೆದುಕೊಳ್ಳಿ. ನಿಧಾನ ಬಿಡುಗಡೆಯ ಮಾತ್ರೆಯನ್ನು ಪುಡಿ ಮಾಡಬಾರದು, ಅಗಿಯಬಾರದು. ಹಣದ ತೊಂದರೆ ಇದ್ದರೆ ಜನೌಷಧಿ ಅಂಗಡಿಯಲ್ಲಿ ಕೇಳಿ ನೋಡಿ.

ನಮ್ಮಲ್ಲಿ ಹತ್ತು ಮಾತ್ರೆಯ ಲೆಕ್ಕದಲ್ಲಿ ಕೊಳ್ಳುವವರೇ ಹೆಚ್ಚು. ಕೊಯ್ಲಿನ ಸಮಯ, ಹುಲಿಗಿ ಜಾತ್ರೆ, ಮದುವೆ ಎಂದು ವಾರ ತಪ್ಪಿಸುತ್ತಾರೆ. ಉಳಿದ ಮಾತ್ರೆಗಳ ಸಂಗತಿ ಬೇರೆ. ಇದನ್ನು ಥಟ್ಟನೆ ಬಿಟ್ಟರೆ ಅಷ್ಟು ದಿನ ತಡೆಹಿಡಿದಿದ್ದ ಅಡ್ರಿನಲಿನ್ ಒಮ್ಮೆಲೇ ಏರಿ ಬರುತ್ತದೆ. ರಕ್ತನಾಳದ ತೊಂದರೆ ಇದ್ದವರಿಗೆ ಎದೆನೋವು, ಹೃದಯಾಘಾತದವರೆಗೂ ಹೋಗಬಹುದು.

ಕಾರಟಗಿಯ ಭತ್ತ:
ನಮ್ಮದು ಸಕ್ಸಿನೇಟ್ ಎಂದೇ ಇದೆ, ಈಗ ನೋಡಿದೆ. ಆದರೆ ಬಿಪಿ 100 ಎಂದರೆ ಕಡಿಮೆ ಅಲ್ಲವೇ? ತಲೆ ಸುತ್ತಿದ್ದು ನಿಜ.

ಬಳ್ಳಾರಿಯ ಫಿಸಿಷಿಯನ್:
ಬಿಪಿ ಮಾಪಕದ ಸಂಖ್ಯೆಗೆ ಚಿಕಿತ್ಸೆ ಕೊಡುವುದಿಲ್ಲ, ಮನುಷ್ಯನಿಗೆ ಕೊಡುತ್ತೇವೆ. 95 ಇದ್ದೂ ಆರಾಮಾಗಿ ಓಡಾಡುವವರಿದ್ದಾರೆ. ತಲೆ ಸುತ್ತಿದರೆ ಯಾವುದನ್ನು ಮೊದಲು ತೆಗೆಯಬೇಕು ಎಂಬುದಕ್ಕೆ ಒಂದು ಕ್ರಮ ಇದೆ. ನಿಮ್ಮ ಚೀಟಿಯಲ್ಲಿ ಹೃದಯ ವೈಫಲ್ಯಕ್ಕೆ ಯಾವ ಉಪಕಾರವನ್ನೂ ಮಾಡದ, ಬಿಪಿಯನ್ನು ಮಾತ್ರ ಇಳಿಸುವ ಮಾತ್ರೆ ಒಂದಿದೆ. ಅದು ಆಮ್ಲೋಡಿಪಿನ್. ಗೆರೆ ಎಳೆಯುವುದಿದ್ದರೆ ಅಲ್ಲಿ ಎಳೆಯಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಕಾಲಿನ ಊತ ಪೂರ್ತಿ ಇಳಿದಿದ್ದರೆ ನೀರಿನ ಮಾತ್ರೆಯನ್ನೂ ಕಡಿಮೆ ಮಾಡಬಹುದೇ ಎಂದು ಕೇಳಿ. ಗಂಡಸರಲ್ಲಿ ಪ್ರಾಸ್ಟೇಟ್‌ಗೆ ಕೊಟ್ಟ ಮಾತ್ರೆಯೂ ಹೀಗೆಯೇ ಬಿಪಿ ಇಳಿಸುತ್ತಿರುತ್ತದೆ. ಇವೆಲ್ಲ ಆದ ಮೇಲೂ ತೊಂದರೆ ಉಳಿದರೆ ಮೆಟೊಪ್ರೊಲಾಲನ್ನು ಅರ್ಧಕ್ಕೆ, 12.5ಕ್ಕೆ ಇಳಿಸಿ ನೋಡುತ್ತಾರೆ. ಪೂರ್ತಿ ತೆಗೆಯುವುದು ಕೊನೆಯ ಮಾತು.

ಇಲ್ಲಿಂದ ನಾನು ಚೀಟಿ ತಿದ್ದುವುದಿಲ್ಲ. ಬರೆದು ಕೊಟ್ಟವರ ಬಳಿ ಈ ಪ್ರಶ್ನೆಯನ್ನೇ ಒಯ್ಯಿರಿ.

ರಿಮ್ಸ್ ರಸ್ತೆಯ ನರ್ಸ್, ರಾಯಚೂರು:
ಬಿಪಿಯ ಮಾತಿಗೆ ಬೇಸಿಗೆಯನ್ನು ಸೇರಿಸಿ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು ನಲವತ್ತು ದಾಟಿದರೆ ಆಶ್ಚರ್ಯವಿಲ್ಲ. ಬೆವರಿ ಬೆವರಿ ಮೈ ಒಣಗಿರುತ್ತದೆ, ನೀರಿನ ಮಾತ್ರೆ ಚಳಿಗಾಲದ ಪ್ರಮಾಣದಲ್ಲೇ ನಡೆಯುತ್ತಿರುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲೆ. ಬೈಗುಳ ಮಾತ್ರ ಬೀಟಾ ಬ್ಲಾಕರ್‌ಗೆ. ವಾಂತಿ ಭೇದಿ ಆದಾಗಲೂ ಇದೇ ಕಥೆ. ಆ ದಿನಗಳಲ್ಲಿ ನೀರಿನ ಮಾತ್ರೆ, ರಾಮಿಪ್ರಿಲ್, ಡಾಪಾಗ್ಲಿಫ್ಲೋಜಿನ್ ಏನು ಮಾಡಬೇಕೆಂದು ವೈದ್ಯರಿಗೆ ಫೋನ್ ಮಾಡಿ ಕೇಳಬೇಕು.

ಬಿಸಿಲು ಎಂದು ಎಳನೀರು ಕುಡಿಸುತ್ತಾರೆ. ರಾಮಿಪ್ರಿಲ್ ಮತ್ತು ಸ್ಪಿರೊನೊಲ್ಯಾಕ್ಟೋನ್ ಎರಡೂ ಪೊಟ್ಯಾಸಿಯಂ ಏರಿಸುತ್ತವೆ, ಎಳನೀರಿನಲ್ಲಿ ತುಂಬಿರುವುದೂ ಅದೇ, ಕಿಡ್ನಿ ಬೇರೆ ಸೋತಿದೆ. ಪೊಟ್ಯಾಸಿಯಂ ಏರಿದರೆ ನಾಡಿ ತೀರಾ ನಿಧಾನವಾಗಬಹುದು, ಆ ಆರೋಪವೂ ಪಾಪ ಮೆಟೊಪ್ರೊಲಾಲ್ ತಲೆಗೇ. ರಕ್ತಪರೀಕ್ಷೆ ಮಾಡಿಸಿ.

ಇನ್ನೊಂದು, ಮನೆಯಲ್ಲಿ ತೂಕದ ಯಂತ್ರ ಇಡಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು ಅದರ ಮೇಲೆ ನಿಲ್ಲಿಸಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ನೀರು. ಮಿರ್ಚಿ ಭಜಿ, ಮಂಡಾಳ ಒಗ್ಗರಣೆ, ಉಪ್ಪಿನಕಾಯಿ ಇವುಗಳ ಲೆಕ್ಕ ನಾನು ಹೇಳಬೇಕಿಲ್ಲ.

ಸಂಡೂರಿನ ಲಾರಿ:
ನಮ್ಮ ತಂದೆ ಅದಿರು ಲಾರಿ ಓಡಿಸಿದವರು, ಬೀಡಿಯೂ ಇತ್ತು. ಈಗ ಶ್ವಾಸಕೋಶವೂ ಕೆಟ್ಟಿದೆ, ಹೃದಯವೂ ಸೋತಿದೆ. ಉಸಿರಿಗೆ ಪಂಪ್ (ಇನ್ಹೇಲರ್) ಎಳೆಯುವವರಿಗೆ ಬೀಟಾ ಬ್ಲಾಕರ್ ಕೊಡಲೇಬಾರದು ಎಂದು ಕೇಳಿದ್ದೇನೆ. ಮೆಟೊಪ್ರೊಲಾಲ್ ಕೊಟ್ಟು ನೋಡಿದ ಅಧ್ಯಯನವೊಂದರಲ್ಲಿ ಸಿಒಪಿಡಿಯವರಿಗೆ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆಯವರಿಗೆ) ಕೆಡುಕೇ ಆಯಿತಂತೆ.

ಬಳ್ಳಾರಿಯ ಫಿಸಿಷಿಯನ್:
ನೀವು ಹೇಳುತ್ತಿರುವುದು 2019ರ ಅಧ್ಯಯನ ಇರಬೇಕು. ಅದರಲ್ಲಿ ಉಸಿರಾಟ ಉಲ್ಬಣಿಸಿ ಆಸ್ಪತ್ರೆ ಸೇರಿದವರು ಮೆಟೊಪ್ರೊಲಾಲ್ ಗುಂಪಿನಲ್ಲೇ ಹೆಚ್ಚು. ಆದರೆ ಹೃದಯಕ್ಕಾಗಿ ಬೀಟಾ ಬ್ಲಾಕರ್ ಬೇಕಾದವರನ್ನು ಅದರಲ್ಲಿ ಸೇರಿಸಿಯೇ ಇರಲಿಲ್ಲ. ಹೃದಯಕ್ಕೆ ಬೇಡದವರಿಗೆ ಶ್ವಾಸಕೋಶಕ್ಕೆಂದು ಕೊಟ್ಟರೆ ಲಾಭವಿಲ್ಲ ಎಂಬುದಷ್ಟೇ ಅದರ ಅರ್ಥ. ನಿಮ್ಮ ತಂದೆಯ ಪ್ರಶ್ನೆ ಬೇರೆ.

ಸಿಒಪಿಡಿ ಮತ್ತು ಆಸ್ತಮಾ ಎರಡನ್ನೂ ನಮ್ಮ ಕಡೆ ದಮ್ಮು ಎಂಬ ಒಂದೇ ಹೆಸರಿನಲ್ಲಿ ಕಟ್ಟಿಬಿಡುತ್ತೇವೆ. ಧೂಳು, ಬೀಡಿ, ಒಲೆಯ ಹೊಗೆಯಿಂದ ಬಂದ ಸಿಒಪಿಡಿಗೆ ಹೃದಯವನ್ನು ಮುಖ್ಯವಾಗಿ ಹಿಡಿಯುವ ಬಿಸೊಪ್ರೊಲಾಲ್ 1.25ರಿಂದ ಆರಂಭಿಸಿದರೆ ಹೆಚ್ಚಿನವರು ತಾಳಿಕೊಳ್ಳುತ್ತಾರೆ. ಕಾರ್ವೆಡಿಲಾಲ್ ಹೃದಯದ್ದಲ್ಲದೆ ಶ್ವಾಸನಾಳದ ಅಡ್ರಿನಲಿನ್ ಗ್ರಾಹಕಗಳನ್ನೂ (ರಿಸೆಪ್ಟರ್) ಮುಚ್ಚುವುದರಿಂದ ಇಂಥವರಿಗೆ ನಾನು ಅದನ್ನು ಮೊದಲು ಬರೆಯುವುದಿಲ್ಲ. ಆದರೆ ನಿಜವಾದ ಆಸ್ತಮಾ, ರಾತ್ರಿ ಸುಂಯ್‌ಗುಡುವುದು, ಪಂಪ್ ಎಳೆದ ಕೂಡಲೇ ಸಂಪೂರ್ಣ ಹಗುರಾಗುವುದು ಇದ್ದರೆ ಜಾಗ್ರತೆ ಬಹಳ ಬೇಕು. ಎರಡನ್ನೂ ಬೇರ್ಪಡಿಸಲು ಸ್ಪೈರೊಮೆಟ್ರಿ (ಕೊಳವೆಯಲ್ಲಿ ಊದಿಸಿ ಉಸಿರಿನ ಬಲ ಅಳೆಯುವ ಪರೀಕ್ಷೆ) ಮಾಡಿಸಿ.

ಹಟ್ಟಿಯ ಹಳಬ:
ಹಾಗಾದರೆ ಕೊಡಬಾರದವರು ಯಾರೂ ಇಲ್ಲವೇ?

ಬಳ್ಳಾರಿಯ ಫಿಸಿಷಿಯನ್:
ಇದ್ದಾರೆ. ನಾಡಿ 50ಕ್ಕಿಂತ ಕೆಳಗಿರುವವರು, ಪೇಸ್‌ಮೇಕರ್ ಇಲ್ಲದೆ ಎರಡನೇ ಅಥವಾ ಮೂರನೇ ದರ್ಜೆಯ ಹೃದಯ ತಡೆ (ಬಡಿತದ ವಿದ್ಯುತ್ ಸಂಕೇತಕ್ಕೆ ಆಗುವ ಅಡ್ಡಿ) ಇರುವವರು, ಬಿಪಿ ಕುಸಿದು ಕೈಕಾಲು ತಣ್ಣಗಾಗಿ ಶಾಕ್‌ನಲ್ಲಿರುವವರು. ಇವರಿಗೆ ಕೊಡುವುದಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿ ಒದ್ದಾಡುತ್ತಿರುವವರಿಗೆ ಆಗಲೇ ಹೊಸದಾಗಿ ಆರಂಭಿಸುವುದಿಲ್ಲ. ಮೊದಲಿನಿಂದ ತೆಗೆದುಕೊಳ್ಳುತ್ತಿದ್ದವರು ಹಾಗೆ ಬಂದರೆ ಶಾಕ್ ಇಲ್ಲದಿದ್ದರೆ ಸಾಮಾನ್ಯವಾಗಿ ಮುಂದುವರಿಸುತ್ತೇವೆ, ಅಗತ್ಯ ಬಿದ್ದರೆ ಅರ್ಧ ಮಾಡುತ್ತೇವೆ.

ಇನ್ನು ಮಧ್ಯದ ಗುಂಪು. ಹೃದಯದ ಲಯ ಏರುಪೇರಾಗಿ ಏಟ್ರಿಯಲ್ ಫಿಬ್ರಿಲೇಷನ್ ಇರುವವರು. 2014ರಲ್ಲಿ ಹಲವು ಅಧ್ಯಯನಗಳ 18,254 ರೋಗಿಗಳ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ ಸಹಜ ಲಯ ಇದ್ದವರಲ್ಲಿ ಸಾವು ಇಳಿದಿತ್ತು, ಈ ಲಯದೋಷ ಇದ್ದವರಲ್ಲಿ ಇಳಿದಿರಲಿಲ್ಲ. ಅವರಿಗೆ ನಾಡಿಯ ವೇಗ ಹಿಡಿಯಲು ಕೊಡುತ್ತೇವೆ, ಆಯುಷ್ಯದ ಭರವಸೆ ಕೊಡುವುದಿಲ್ಲ. ಇಎಫ್ 50ರ ಮೇಲಿದ್ದೂ ಹೃದಯ ವೈಫಲ್ಯ ಇರುವವರಿಗೂ ಸ್ಪಷ್ಟ ಲಾಭ ಕಂಡಿಲ್ಲ. ಬೇರೆ ಕಾರಣ ಇಲ್ಲದಿದ್ದರೆ ನಾನು ಬರೆಯುವುದಿಲ್ಲ. ಆದ್ದರಿಂದ ಇಎಫ್ ಸಂಖ್ಯೆ ತಿಳಿಯದೆ ಈ ಚರ್ಚೆಯೇ ವ್ಯರ್ಥ.

ವಯಸ್ಸಿನ ಬಗ್ಗೆಯೂ ಪೂರ್ತಿ ಹೇಳಬೇಕು. ಎಪ್ಪತ್ತು ದಾಟಿದವರಲ್ಲಿ ನೆಬಿವೊಲಾಲ್ ಪರೀಕ್ಷಿಸಿದ 2005ರ ಸೀನಿಯರ್ಸ್ ಅಧ್ಯಯನದಲ್ಲಿ ಸಾವು ಅಥವಾ ಹೃದಯದ ಕಾರಣಕ್ಕೆ ಆಸ್ಪತ್ರೆ ಸೇರುವುದು ಒಟ್ಟಾಗಿ ನೂರಕ್ಕೆ 35.3ರಿಂದ 31.1ಕ್ಕೆ ಇಳಿಯಿತು. ಸಾವನ್ನು ಮಾತ್ರ ಪ್ರತ್ಯೇಕವಾಗಿ ನೋಡಿದರೆ ವ್ಯತ್ಯಾಸ ಖಚಿತವಾಗಿ ನಿಲ್ಲಲಿಲ್ಲ. ಲಾಭ ಇದೆ, ಆದರೆ ಅದನ್ನು ಅರವತ್ತರವರ ಲಾಭದ ಅಳತೆಯಲ್ಲಿ ಹೇಳಬಾರದು.

ಹಟ್ಟಿಯ ಹಳಬ:
ಇಷ್ಟು ಬಿಡಿಸಿ ಹೇಳುವ ವೈದ್ಯರು ಓಪಿಡಿಯಲ್ಲಿ ಸಿಗುವುದಿಲ್ಲ ಎಂಬುದೇ ನನ್ನ ದೂರು. ಅಲ್ಲಿ ಎರಡು ನಿಮಿಷದಲ್ಲಿ "ನಿಲ್ಲಿಸಿ" ಅಥವಾ "ನಿಲ್ಲಿಸಬೇಡಿ" ಎಂಬ ಒಂದು ಪದ ಸಿಗುತ್ತದೆ.

ಬಳ್ಳಾರಿಯ ಫಿಸಿಷಿಯನ್:
ಒಪ್ಪುತ್ತೇನೆ. ಈ ಔಷಧವನ್ನು ಎರಡು ವಾರಕ್ಕೊಮ್ಮೆ ನೋಡಿ ಏರಿಸುತ್ತ ಹೋಗಬೇಕು. ಮಸ್ಕಿಯಿಂದಲೋ ಯಲಬುರ್ಗಾದಿಂದಲೋ ಒಂದು ದಿನದ ಕೂಲಿ ಬಿಟ್ಟು ಬರುವವರಿಗೆ ಎರಡು ವಾರಕ್ಕೊಮ್ಮೆ ಬನ್ನಿ ಎಂದರೆ ಬರುವುದಿಲ್ಲ. 25ರಲ್ಲಿ ಆರಂಭವಾದದ್ದು ವರ್ಷಗಟ್ಟಲೆ 25ರಲ್ಲೇ ಉಳಿಯುತ್ತದೆ. ದೂರ ಮತ್ತು ಬಡತನ ಯಾವ ಅಧ್ಯಯನದ ಅಪಾಯಗಳ ಪಟ್ಟಿಯಲ್ಲೂ ಮೊದಲ ಸಾಲಿನಲ್ಲಿ ಬರುವುದಿಲ್ಲ. ನನ್ನ ಓಪಿಡಿಯಲ್ಲಿ ಸಕ್ಕರೆಗಿಂತ ಹೆಚ್ಚು ಜನರ ಡೋಸ್ ತಡೆದಿರುವುದು ಅವೇ.

ಕಾರಟಗಿಯ ಭತ್ತ:
ಇನ್ಸುಲಿನ್ ಬಗ್ಗೆ ಒಂದು ಮಾತು ಕೇಳಬೇಕಿತ್ತು. ಸಕ್ಕರೆ ಇಳಿದರೆ ಈ ಮಾತ್ರೆಯಿಂದಾಗಿ ಗೊತ್ತೇ ಆಗುವುದಿಲ್ಲ ಎಂದು ಹೆದರಿಸಿದ್ದಾರೆ.

ರಿಮ್ಸ್ ರಸ್ತೆಯ ನರ್ಸ್, ರಾಯಚೂರು:
ಅರ್ಧ ನಿಜ. ಕೈ ನಡುಕ ಮತ್ತು ಎದೆ ಡವಗುಟ್ಟುವುದು ಮರೆಯಾಗಬಹುದು. ಬೆವರುವುದು ಮರೆಯಾಗುವುದಿಲ್ಲ. ಕಾರಣವಿಲ್ಲದೆ ತಣ್ಣನೆಯ ಬೆವರು, ಮಂಕು, ಅಸಂಬದ್ಧ ಮಾತು ಕಂಡರೆ ಗ್ಲುಕೋಮೀಟರ್ ಹಿಡಿಯಿರಿ. ಊಟ ತಪ್ಪಿದ ದಿನ, ಶ್ರಾವಣದ ಉಪವಾಸ, ರಂಜಾನ್ ಇವುಗಳಲ್ಲಿ ಇನ್ಸುಲಿನ್ ಪ್ರಮಾಣವನ್ನು ಮೊದಲೇ ಮಾತಾಡಿಕೊಳ್ಳಬೇಕು.

ಬಳ್ಳಾರಿಯ ಫಿಸಿಷಿಯನ್:
ಸಕ್ಕರೆಯ ಮಟ್ಟದ ಮೇಲೆ ಕಾರ್ವೆಡಿಲಾಲ್‌ನ ಪರಿಣಾಮ ಮೆಟೊಪ್ರೊಲಾಲ್‌ಗಿಂತ ಸ್ವಲ್ಪ ಸೌಮ್ಯ. ಆದರೆ ಅದು ಬಿಪಿಯನ್ನು ಹೆಚ್ಚು ಇಳಿಸುತ್ತದೆ. ನಿಮ್ಮ ತಾಯಿಯ 100ಕ್ಕೆ ನಾನು ಮೆಟೊಪ್ರೊಲಾಲನ್ನೇ ಉಳಿಸಿಕೊಳ್ಳುತ್ತಿದ್ದೆ. ಅದು ಯಕೃತ್ತಿನಲ್ಲಿ ಕರಗುವುದರಿಂದ ಕಿಡ್ನಿಯ ಚಿಂತೆಯೂ ಕಡಿಮೆ. ಬಿಸೊಪ್ರೊಲಾಲ್ ಅರ್ಧದಷ್ಟು ಕಿಡ್ನಿಯಿಂದಲೇ ಹೊರಹೋಗುತ್ತದೆ.

ಔಷಧ ಅಂಗಡಿ, ಗಂಗಾವತಿ:
ಮಂಡಿನೋವಿಗೆ ಡೈಕ್ಲೊಫಿನಾಕ್ ಕೇಳಿ ಬರುತ್ತಾರಲ್ಲ, ಅದನ್ನೂ ಇಲ್ಲೇ ಹೇಳಿ ಡಾಕ್ಟರೇ. ನಾನು ಕೊಡುವುದಿಲ್ಲ ಎಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ.

ಬಳ್ಳಾರಿಯ ಫಿಸಿಷಿಯನ್:
ಹೃದಯ ವೈಫಲ್ಯದವರು ಡೈಕ್ಲೊಫಿನಾಕ್, ಐಬುಪ್ರೊಫೆನ್ ಮುಟ್ಟಬಾರದು. ನೀರು ಹಿಡಿಯುತ್ತದೆ, ಕಿಡ್ನಿ ಕೆಡುತ್ತದೆ. ನೋವಿಗೆ ಪ್ಯಾರಾಸಿಟಮಾಲ್.

ಕಾರಟಗಿಯ ಭತ್ತ:
ಬಳ್ಳಾರಿಗೆ ಫೋನ್ ಮಾಡಿದೆ. ಆಮ್ಲೋಡಿಪಿನ್ ನಿಲ್ಲಿಸಿ, ಮೆಟೊಪ್ರೊಲಾಲ್ 12.5ರಿಂದ ಮತ್ತೆ ಶುರು ಮಾಡಿ, ಸೋಮವಾರ ಪೊಟ್ಯಾಸಿಯಂ ಮತ್ತು ಕ್ರಿಯೇಟಿನಿನ್ ಮಾಡಿಸಿ ತನ್ನಿ ಎಂದರು. ಫೋನ್ ಇಟ್ಟ ಮೇಲೆ ನೆನಪಾಯಿತು, ಕಣ್ಣಿನ ಒತ್ತಡಕ್ಕೆ ತಾಯಿ ಹನಿ ಹಾಕಿಕೊಳ್ಳುತ್ತಾರೆ. ಸೀಸೆಯ ಮೇಲೆ ಟಿಮೊಲಾಲ್ ಎಂದು ಇದೆ. ಚೀಟಿಯಲ್ಲಿ ಅದು ಎಲ್ಲೂ ಇಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದೆಯೇ?

ಔಷಧ ಅಂಗಡಿ, ಗಂಗಾವತಿ:
ಇದೆ! ಟಿಮೊಲಾಲ್ ಕೂಡ ಬೀಟಾ ಬ್ಲಾಕರ್. ಕಣ್ಣಿಗೆ ಹಾಕಿದ್ದು ಮೂಗಿನ ದಾರಿಯಿಂದ ರಕ್ತಕ್ಕೆ ಸೇರುತ್ತದೆ. ಎರಡೂ ಸೇರಿದರೆ ನಾಡಿ ಹೆಚ್ಚು ಇಳಿಯಬಹುದು. ನಾಳೆಯೇ ಮತ್ತೆ ಫೋನ್ ಮಾಡಿ ತಿಳಿಸಿ. ಸೋಮವಾರ ಸೀಸೆಯನ್ನೂ ಚೀಲದಲ್ಲಿ ಹಾಕಿಕೊಳ್ಳಿ.

ಬಳ್ಳಾರಿಯ ಫಿಸಿಷಿಯನ್:
ಹನಿಯನ್ನು ನೀವೇ ನಿಲ್ಲಿಸಬೇಡಿ, ಕಣ್ಣಿನ ಒತ್ತಡ ಏರಿದರೆ ದೃಷ್ಟಿ ಹೋಗುತ್ತದೆ. ಬದಲಿ ಹನಿಗಳಿವೆ, ಕಣ್ಣಿನ ವೈದ್ಯರು ಬರೆಯುತ್ತಾರೆ. ಅಲ್ಲಿಯವರೆಗೆ ಹನಿ ಹಾಕಿದ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಎರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ, ರಕ್ತಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಬೆಳಿಗ್ಗೆ ಮಾತ್ರೆ ಕೊಡುವ ಮುನ್ನ ನಾಡಿ ಎಣಿಸಿ. 50ಕ್ಕಿಂತ ಕಡಿಮೆ ಇದ್ದರೆ ಕೊಡದೆ ಫೋನ್ ಮಾಡಿ.